ಯೆರಿಕೋ ದಾರಿಯಲ್ಲಿ ಬಿದ್ದವನು ಯಾರು?

ಒಂದೇ ಕಥೆಯನ್ನು ನಾನು ಮೂರು ಕಡೆ ಕೇಳಿದ್ದೇನೆ. ಬೈಬಲಿನ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆ, ಯೇಸು ಹೇಳಿದ್ದು. ಯೆರೂಸಲೇಮಿನಿಂದ ಯೆರಿಕೋಗೆ ಹೊರಟವನನ್ನು ಕಳ್ಳರು ಬಡಿದು ದಾರಿಯಲ್ಲಿ ಬಿಟ್ಟು ಹೋಗುತ್ತಾರೆ. ಯಾಜಕ ನೋಡಿಯೂ ದಾಟಿ ಹೋಗುತ್ತಾನೆ, ದೇವಾಲಯದ ಸೇವೆಯ ಲೇವಿಯನೂ ಅಷ್ಟೇ. ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರಕ್ಕೆ ಸೇರಿಸಿ, ಅಲ್ಲಿಯವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ.

ಮೈಸೂರಿನ ಒಂದು ಕಥೋಲಿಕ ಚರ್ಚಿನ ಪೂಜೆಯಲ್ಲಿ ಫಾದರ್ ಹೇಳಿದ್ದು: ನೀವೂ ಹೋಗಿ ಹಾಗೆಯೇ ಮಾಡಿ. ಬಡಾವಣೆಯ ಮನೆಯೊಂದರ ಪ್ರಾರ್ಥನಾ ಕೂಟದಲ್ಲಿ ಪಾಸ್ಟರ್ ಬೇರೆಯದೇ ಹೇಳಿದರು. ಬಿದ್ದವನು ನೀನೇ, ಎತ್ತಿದವನು ಯೇಸು, ಎಣ್ಣೆ ಅಂದರೆ ಪವಿತ್ರಾತ್ಮ, ಛತ್ರ ಅಂದರೆ ಸಭೆ. ಮಂಡ್ಯ ಕಡೆಯ ಹಳ್ಳಿಯಲ್ಲಿ ಅಯ್ಯನವರು, ಅಂದರೆ ಅಲ್ಲಿನ ಸಭೆಯ ಬೋಧಕರು, ಕೇಳಿದ್ದು ಒಂದೇ ಪ್ರಶ್ನೆ: ಮುಟ್ಟಿದವನು ಯಾರು?

ಇಂಥ ವ್ಯತ್ಯಾಸ ಕಂಡಾಗ ನಮ್ಮಲ್ಲಿ ಬರುವ ಮಾತು 'ಅವರು ವಾಕ್ಯ ತಿರುಚ್ತಾರೆ' ಅಂತ. ನನಗೆ ಆ ಮಾತು ನೋವು ಕೊಡುತ್ತದೆ. ಈ ಮೂರೂ ಬೋಧನೆಗಳ ಹಿಂದೆ ಹಳೆಯ ಓದಿನ ದಾರಿಗಳಿವೆ. ಅದರಲ್ಲೂ ಕೂಟದ ಪಾಸ್ಟರ್ ಹೇಳಿದ್ದು ಬಹಳ ಹಳೆಯದು.

ಮೂರನೇ ಶತಮಾನದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದ ಬೈಬಲ್ ಪಂಡಿತ ಓರಿಗೆನ್ ಈ ಕಥೆಯನ್ನು ಹೆಚ್ಚುಕಡಿಮೆ ಹೀಗೇ ಬಿಡಿಸಿದ. ಬಿದ್ದವನು ಆದಾಮ, ಯಾಜಕ ಮೋಶೆಯ ಧರ್ಮಶಾಸ್ತ್ರ, ಲೇವಿಯ ಪ್ರವಾದಿಗಳು, ಸಮಾರ್ಯದವನು ಕ್ರಿಸ್ತ, ಛತ್ರ ಸಭೆ. ಎರಡು ನಾಣ್ಯಕ್ಕೂ ಒಳ ಅರ್ಥ ಇತ್ತು: ತಂದೆ ಮತ್ತು ಮಗ. ತನಗಿಂತ ಹಿಂದಿನ ಹಿರಿಯರೊಬ್ಬರು ಹೇಳಿದ್ದು ಇದು ಎಂದು ಅವನೇ ಹೇಳಿಕೊಂಡಿದ್ದಾನೆ. ಮುಂದೆ ಸಂತ ಅಗಸ್ಟೀನ್ ಛತ್ರದವನನ್ನು ಅಪೊಸ್ತಲ ಪೌಲನೆಂದ. ಸಿರಿಯಾ ಕಡೆಯ ಅಂತಿಯೋಕ್ಯದಲ್ಲಿ ಮಾತ್ರ ಬೇರೆ ಗರಡಿ ಬೆಳೆಯಿತು. ಮೊದಲು ಮಾತಿನ ನೇರ ಅರ್ಥ, ನಡೆದ ಕಾಲ, ಸಂದರ್ಭ ನೋಡಿ ಅನ್ನುವುದು ಅವರ ಪಟ್ಟು. ಈ ಎರಡರ ಎಳೆದಾಟ ಇಂದಿಗೂ ಮುಗಿದಿಲ್ಲ. ಹದಿನಾರನೇ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಈ ಕಥೆಯ ಒಳ ಅರ್ಥಗಳನ್ನು ಬೇಡವೆಂದು ಬದಿಗಿಟ್ಟ.

ನಮ್ಮ ಸೀಮೆಯಲ್ಲಿ ಜಗಳ ಇನ್ನೊಂದು ರೂಪ ಪಡೆಯಿತು. ಓದುವುದು ಹೇಗೆ ಅನ್ನುವುದಕ್ಕಿಂತ ಓದುವವರು ಯಾರು ಎಂಬುದೇ ಪ್ರಶ್ನೆಯಾಯಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಂದಿಗೂ ನೆನಪಾಗುವ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ, ಬೈಬಲನ್ನು ಇಲ್ಲಿನ ಭಾಷೆಗಳಿಗೆ ತಂದು ಹಂಚುವುದನ್ನು ವಿರೋಧಿಸಿದರು. 1823ರಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಈ ವಾದವಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗೆ ದುಡಿಯುತ್ತಿದ್ದರು. ಇಲ್ಲಿ ನಾನು ಹ್ಯಾಂಡ್ಸ್ ಪಕ್ಷ. ಆಮೇಲೆ ಪ್ರಾಟೆಸ್ಟೆಂಟರ ವೆಸ್ಲಿಯನ್ ಮಿಷನ್ ಮೈಸೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟಿತು.

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದಾಗ ಕಥೋಲಿಕರ ಪೂಜೆ ಲ್ಯಾಟಿನ್‌ನಲ್ಲಿತ್ತು. 1943ರಲ್ಲಿ ಪೋಪ್ ಹನ್ನೆರಡನೇ ಪಿಯುಸ್, ಬರೆದವನ ಕಾಲ ಮತ್ತು ಬರಹದ ರೀತಿ ಅರಿತು ಓದಿ ಎಂದು ಪಂಡಿತರಿಗೆ ಹೇಳಿದರು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆಗೆಯಿತು. ಅಂದಿನ ವಾಚನದಿಂದಲೇ ಪ್ರಬೋಧನೆ ಹುಟ್ಟಬೇಕು ಎಂದಿತು. ಈಗ ಭಾನುವಾರದ ವಾಚನಗಳಲ್ಲಿ ಮೂರು ವರ್ಷಕ್ಕೊಮ್ಮೆ ಲೂಕನ ಸುವಾರ್ತೆಯ ಸರದಿ ಬರುತ್ತದೆ. ಫಾದರ್‌ಗೆ ಇಷ್ಟವಿರಲಿ ಇಲ್ಲದಿರಲಿ, ಈ ಕಥೆಯೂ ಬಂದೇ ಬರುತ್ತದೆ. ಕೂಟದ ಪಾಸ್ಟರ್‌ಗೆ ಆ ಕಟ್ಟಿಲ್ಲ.

ಹಳ್ಳಿಯ ಅಯ್ಯನವರ ಪ್ರಶ್ನೆಯ ಹಿಂದಿನ ದಾರಿ ಹತ್ತಿರದ ಕಾಲದ್ದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವತಾಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಬಲ ಪಡೆಯಿತು. ತುಳಿತ ಉಂಡವರ ಕಡೆಯಿಂದ ವಾಕ್ಯ ಓದಿ ಅನ್ನುವುದು ಅದರ ತಿರುಳು. ಹಾಗೆ ಓದಿದಾಗ ಕಥೆ ಮೈ ಝುಂ ಅನ್ನಿಸುತ್ತದೆ. ಯಾರ ಕೈಯ ನೀರು ಬೇಡವೋ ಅವನ ಕೈಯಿಂದಲೇ ಜೀವ ಉಳಿಯಬೇಕು!

ಅವತ್ತು ಅಯ್ಯನವರು ಆ ಎರಡು ನಾಣ್ಯದ ಹತ್ತಿರ ನಿಂತರು. ಒಂದು ನಾಣ್ಯ ಅಂದರೆ ಆಗ ಒಂದು ದಿನದ ಕೂಲಿ ಎಂದರು. 'ನಿಮಗೆ ಕಬ್ಬು ಕಡಿಯೋಕೆ ಎರಡು ದಿನಕ್ಕೆ ಎಷ್ಟು ಸಿಗುತ್ತೆ?' ಎಂದು ಕೇಳಿದರು. ಚಾಪೆ ಮೇಲೆ ಕೂತಿದ್ದ ಹೆಂಗಸರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.