ಆಳಕ್ಕೆ ಇಳಿದಷ್ಟೂ ನೀರು ಹೆಚ್ಚುತ್ತದೆಯೇ?

ಪ್ರಶ್ನೆ: ಇಂಡಿ ತಾಲ್ಲೂಕಿನ ನಮ್ಮ ನಿಂಬೆ ತೋಟದ ಬೋರ್‌ವೆಲ್‌ನಲ್ಲಿ 70 ಅಡಿಗೆ ಒಂದಿಷ್ಟು ನೀರು ಬಿತ್ತು. 500 ಅಡಿ ಕೊರೆಸಿದರೂ ಹೆಚ್ಚಲಿಲ್ಲ. ಇನ್ನೂ ಇಳಿಸಬೇಕೇ?

ಉತ್ತರ: ಬೇಡ. ಬೇಸಿಗೆ ಬಂತೆಂದರೆ ಇದೇ ಪ್ರಶ್ನೆ ತಾಲ್ಲೂಕಿನ ಹೆಸರನ್ನಷ್ಟೇ ಬದಲಿಸಿಕೊಂಡು ಬರುತ್ತದೆ. ಕೆಳಗೆಲ್ಲೋ ಪಾತಾಳಗಂಗೆ ಹರಿಯುತ್ತಿದ್ದಾಳೆ, ದುಡ್ಡಿದ್ದವನು ಅಲ್ಲಿಯವರೆಗೆ ಕೊರೆಸಬಹುದು ಎಂಬ ನಂಬಿಕೆ ಮಾತ್ರ ಬದಲಾಗುವುದಿಲ್ಲ.

ವಿಜಯಪುರ ಜಿಲ್ಲೆಯ ಬಹುಭಾಗದ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ಗಟ್ಟಿ ಕರಿಕಲ್ಲಿನ ಒಡಲಿನಲ್ಲಿ ನೀರಿಗೆ ಜಾಗವೇ ಇಲ್ಲವೆನ್ನಬಹುದು. ಕಲ್ಲು ಶಿಥಿಲವಾದಲ್ಲಿ, ಬಿರುಕುಬಿಟ್ಟಲ್ಲಿ, ಲಾವಾ ಪದರದ ನೆತ್ತಿಯಲ್ಲಿ ಅನಿಲದ ಗುಳ್ಳೆಗಳು ಉಳಿಸಿಹೋದ ರಂಧ್ರಗಳು ಬಿರುಕುಗಳಿಂದ ಒಂದಕ್ಕೊಂದು ಕೂಡಿಕೊಂಡಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹಳೆಯ ತೆರೆದ ಬಾವಿಯೊಂದಕ್ಕೆ ಇಣುಕಿ ನೋಡಿ: ಮೇಲೆ ಎರೆಮಣ್ಣು, ಅದರಡಿ ಜೇಡಿಯಾಗಿ ಕೊಳೆತ ಕಲ್ಲು, ಆಮೇಲೆ ಗರಸು ಎಂಬ ಪುಡಿಪುಡಿಯಾದ ಕಲ್ಲು, ಈರುಳ್ಳಿಯಂತೆ ಸಿಪ್ಪೆ ಬಿಡುವ ಗುಂಡುಗಳು, ಕೊನೆಗೆ ಅಖಂಡ ಬಂಡೆ. ಸೆಲೆ ಒಸರುವುದು ಹೆಚ್ಚಾಗಿ ಗುಂಡುಗಳಿಗೂ ಬಂಡೆಗೂ ನಡುವೆ. ಜೇಡಿ ಬೇಕಾದಷ್ಟು ನೀರು ಹೀರುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ಗರಸು ಹಿಡಿಯುವುದು ಕಡಿಮೆ, ಹಿಡಿದದ್ದನ್ನು ಹರಿಯಬಿಡುತ್ತದೆ. ಅಂತರ್ಜಲದ ಲೆಕ್ಕಾಚಾರದಲ್ಲಿ ಶಿಥಿಲ ಕರಿಕಲ್ಲು ಬಿಟ್ಟುಕೊಡುವ ನೀರನ್ನು ಅದರ ಗಾತ್ರದ ಸುಮಾರು ಶೇಕಡಾ 2 ಎಂದು ಹಿಡಿಯುತ್ತಾರೆ. ಅಂದರೆ ಒಂದು ಘನ ಮೀಟರಿಗೆ 20 ಲೀಟರ್. ಬಿರುಕು ವಿರಳವಾದ ಬಂಡೆಯಲ್ಲಿ ಅರ್ಧ ಪ್ರತಿಶತವೂ ಇಲ್ಲ.

ಆಳಕ್ಕೆ ಹೋದಂತೆ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ವಿರಳವೂ ಆಗುತ್ತವೆ. "ಪಕ್ಕದ ಹೊಲದವರಿಗೆ 600 ಅಡಿಗೆ ಬಿತ್ತಲ್ಲ?" ಎನ್ನುವಿರಿ. ಬಿದ್ದಿರಬಹುದು, ಎರಡು ಲಾವಾ ಪದರಗಳ ಸಂದಿಯಲ್ಲಿ ಅಂಥ ನೀರು ಸಿಗುವುದುಂಟು. ಅದೂ ಮೇಲಿನಿಂದಲೇ ನಿಧಾನವಾಗಿ ಇಳಿದ ಮಳೆನೀರು. ಸೇರುವ ವೇಗಕ್ಕಿಂತ ಬೇಗ ಎತ್ತಿದರೆ ಮೊದಲ ವರ್ಷದ ರಭಸ ಮರುವರ್ಷ ಇರುವುದಿಲ್ಲ. ಇನ್ನೊಂದು ವಿಪರ್ಯಾಸವೆಂದರೆ, ಕುಸಿಯದಿರಲೆಂದು ಮೆತ್ತನೆಯ ಪದರಕ್ಕೆಲ್ಲ ರಂಧ್ರವಿಲ್ಲದ ಕೇಸಿಂಗ್ ಕೊಳವೆ ಇಳಿಸಿ, ನೀರು ಕೊಡುವ ಗರಸನ್ನೇ ಮುಚ್ಚಿ, ಬಳಿಕ ಬಂಡೆಯಲ್ಲಿ ನೀರು ಹುಡುಕುತ್ತೇವೆ.

ನೀವು ಕೇಳದಿದ್ದರೂ ಕೃಷಿಹೊಂಡದ ಮಾತೊಂದನ್ನು ಹೇಳಬೇಕು. ತಾಡಪತ್ರಿ ಹಾಸಿದ ಹೊಂಡ ನೀರನ್ನು ಕೂಡಿಡುತ್ತದೆಯೇ ಹೊರತು ಬೋರ್‌ವೆಲ್‌ಗೆ ಇಳಿಸುವುದಿಲ್ಲ. ಹಾಸದಿದ್ದರೂ, ನೆನೆದ ಎರೆಮಣ್ಣು ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಂಗುಗುಂಡಿ ತೆಗೆಯುವುದಾದರೆ ಎರೆಯನ್ನೂ ಜೇಡಿಯನ್ನೂ ದಾಟಿ ಗರಸು ಸಿಗುವವರೆಗೆ ಅಗೆಸಿ, ಹೂಳನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ತೆಗೆಸಿ.