ತೆಂಗಿನ ಬೀಜಕಾಯಿಯಲ್ಲಿ ತಂದೆಯ ಪಾಲು

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರು ಬೀಜದ ತೆಂಗಿನಕಾಯಿಯನ್ನು ಅಲುಗಾಡಿಸಿ ನೀರಿನ ಸದ್ದು ಕೇಳುತ್ತಾರೆ, ಗಾತ್ರ ನೋಡುತ್ತಾರೆ, ಸಿಪ್ಪೆಯನ್ನು ಒತ್ತಿ ಪರೀಕ್ಷಿಸುತ್ತಾರೆ. ಅದು ಬೇಕಾದದ್ದೇ. ಆದರೆ ಕೈಗೆ ಸಿಗುವ ಆ ಸಿಪ್ಪೆಯೂ ಅದರೊಳಗಿನ ಗೆರಟೆಯೂ ಪೂರ್ತಿಯಾಗಿ ತಾಯಿಮರದ ಅಂಗಾಂಶ. ತಂದೆ ಯಾರೆಂದು ಅವು ಹೇಳಲಾರವು.

ತಂದೆ ಇರುವುದು ಒಳಗೆ. ಒಂದು ಪರಾಗಕಣ ಎರಡು ಗಂಡುಕೋಶಗಳನ್ನು ತರುತ್ತದೆ. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಅಲ್ಲಿ ತಾಯಿ ತಂದೆಯರದು ಸಮಪಾಲು. ಇನ್ನೊಂದು, ತಾಯಿಯ ಎರಡು ಕೋಶಕೇಂದ್ರಗಳೊಡನೆ ಸೇರಿ ಭ್ರೂಣಪೋಷಕವಾಗುತ್ತದೆ. ಅಲ್ಲಿ ತಾಯಿಗೆ ಎರಡು ಪಾಲು, ತಂದೆಗೆ ಒಂದು. ಈ ಜೋಡಿ ನಿಷೇಚನವನ್ನು 1898ರಲ್ಲಿ ರಷ್ಯದ ನವಾಶಿನ್ ಕಂಡರು. ನಾವು ಎಳನೀರೆಂದು ಕುಡಿಯುವುದೂ ತಿರುಳೆಂದು ತುರಿಯುವುದೂ ಈ ಭ್ರೂಣಪೋಷಕವನ್ನೇ.

ಅದು ಮೊದಲ ತಿಂಗಳುಗಳಲ್ಲಿ ಗೋಡೆಯಿಲ್ಲದ ಕೋಶಕೇಂದ್ರಗಳು ತೇಲುವ ದ್ರವ. ಆಮೇಲೆ ಕೋಶಕೇಂದ್ರಗಳ ನಡುವೆ ಗೋಡೆ ಎದ್ದು, ತೊಟ್ಟಿನ ಎದುರು ತುದಿಯಿಂದ ಗಂಜಿಯಂತಹ ತಿರುಳು ಕಟ್ಟತೊಡಗುತ್ತದೆ. ಗೋಡೆ ಯಾವಾಗ ಏಳಬೇಕೆಂದು ನಿರ್ಧರಿಸುವುದು ಜೀನುಗಳು. ಇದು ಚೆನ್ನಾಗಿ ಅಧ್ಯಯನವಾಗಿರುವುದು ಸಾಸಿವೆಯ ಕುಟುಂಬದ ಪುಟ್ಟ ಕಳೆ ಅರಾಬಿಡಾಪ್ಸಿಸ್‌ನಲ್ಲಿ. ಅಲ್ಲಿ ಎಜಿಎಲ್62 ಎಂಬ ಜೀನು ಚುರುಕಾಗಿರುವವರೆಗೆ ಗೋಡೆ ಏಳುವುದಿಲ್ಲ. ಅದು ತಣ್ಣಗಾದರೆ ಎದ್ದುಬಿಡುತ್ತದೆ. ಮೆಡಿಯಾ ಎಂಬ ಇನ್ನೊಂದು ಜೀನಿನ ವರ್ತನೆ ನನಗೆ ಈಗಲೂ ವಿಸ್ಮಯ: ಭ್ರೂಣಪೋಷಕದಲ್ಲಿ ತಾಯಿಯಿಂದ ಬಂದ ಜೀನಿನ ನಕಲು ಕೆಲಸ ಮಾಡುತ್ತದೆ, ತಂದೆಯದು ಬಾಯಿ ಮುಚ್ಚಿಕೊಂಡಿರುತ್ತದೆ. ತಾಯಿಯ ನಕಲು ಕೆಟ್ಟಿದ್ದರೆ ಪರಾಗ ಬೀಳದೆಯೇ ಭ್ರೂಣಪೋಷಕ ಬೆಳೆಯಲು ಹೊರಡುತ್ತದೆ. ಅದೇ ಗಿಡದಲ್ಲಿ ತಂದೆಯ ಜೀನುಸಮೂಹದ ಪಾಲು ಹೆಚ್ಚಾದರೆ ಗೋಡೆ ತಡವಾಗಿ ಕಟ್ಟಿ ಬೀಜ ದೊಡ್ಡದಾಗುತ್ತದೆ, ತಾಯಿಯದು ಹೆಚ್ಚಾದರೆ ಬೇಗ ಕಟ್ಟಿ ಚಿಕ್ಕದಾಗುತ್ತದೆ. ಅತಿಯಾದರೆ ಬೀಜವೇ ಕೆಡುತ್ತದೆ.

ತೆಂಗಿನಲ್ಲೂ ಭ್ರೂಣಪೋಷಕ ಎಡವುವುದುಂಟು. ಫಿಲಿಪೀನ್ಸ್‌ನ ಮಕಪುನೊ ಕಾಯಿಗಳಲ್ಲಿ ತಿರುಳು ಗಟ್ಟಿಯಾಗದೆ ಲೋಳೆಯಾಗಿ ಉಳಿಯುತ್ತದೆ. ಭ್ರೂಣ ಆರೋಗ್ಯವಾಗಿದ್ದರೂ ಕಾಯಿಯೊಳಗೆ ಮೊಳೆಯದು. ಅದನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಬೇಕು.

ಇನ್ನು ತೋಟದ ಮಾತು. ಎತ್ತರದ ತಳಿಯ ಹೊಂಬಾಳೆಯಲ್ಲಿ ಗಂಡುಹೂಗಳ ಸರದಿ ಬಹುಪಾಲು ಮುಗಿದ ಮೇಲೆ ಹೆಣ್ಣುಹೂ ಪರಾಗಕ್ಕೆ ಸಿದ್ಧವಾಗುತ್ತದೆ. ಹಾಗಾಗಿ ಸಾಮಾನ್ಯವಾಗಿ ತಂದೆ ಅಕ್ಕಪಕ್ಕದ ಯಾವುದೋ ಮರ. ಪರಾಗ ತರುವುದು ಗಾಳಿ, ಜೇನು. ಸೊರಗಿದ ಮರಗಳ ನಡುವೆ ನಿಂತ ಒಂದೇ ಒಳ್ಳೆಯ ಮರದಿಂದ ಬೀಜ ತೆಗೆಯುವುದನ್ನು ನಾನು ಒಪ್ಪುವುದಿಲ್ಲ; ಸುತ್ತಲೂ ಒಳ್ಳೆಯ ಮರಗಳಿರುವ ತುಂಡಿನಿಂದ ತೆಗೆಯಿರಿ. ಗಿಡ್ಡ ತಳಿಗಳಲ್ಲಿ ಎರಡೂ ಹೂಗಳ ಕಾಲ ಕೂಡಿಬರುವುದರಿಂದ ಸ್ವಪರಾಗವೇ ಹೆಚ್ಚು.

ತಂದೆಯನ್ನು ನಾವೇ ಆರಿಸುವುದು ಸಂಕರಣ. 1932ರಲ್ಲಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ ಜೆ. ಎಸ್. ಪಟೇಲ್ ಎತ್ತರದ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿ ಭಾರತದ ಮೊದಲ ತೆಂಗಿನ ಸಂಕರವನ್ನು ಪಡೆದರು. ಇಂದು ಚಂದ್ರಸಂಕರ ಎಂಬ ಸಂಕರ ತಳಿಯಲ್ಲಿ ತಾಯಿ ಚಾವಕ್ಕಾಡು ಕಿತ್ತಳೆ ಗಿಡ್ಡ, ತಂದೆ ಪಶ್ಚಿಮ ಕರಾವಳಿಯ ಎತ್ತರದ ತಳಿ. ಮೊಳಕೆಯ ಎಲೆತೊಟ್ಟು ಕಂದು ಛಾಯೆಯದಾಗಿದ್ದರೆ ತಂದೆಯ ಜೀನು ಬಂದಿದೆ ಎಂದರ್ಥ. ತಾಯಿಯಂತೆ ಕಿತ್ತಳೆಯಾಗಿದ್ದರೆ ಅದು ಸ್ವಪರಾಗದ ಸಸಿ. ನರ್ಸರಿಯವರು ಎಷ್ಟೇ ಹೇಳಿದರೂ ಸಂಕರದ ಬೆಲೆ ಕೊಡಬೇಡಿ.