ಏಸ್: ಬೇಸ್‌ಬಾಲ್‌ನ ಎಕ್ಕ ಯಾರು?

ಇಸ್ಪೀಟಿನಲ್ಲಿ ನಾವು ಎಕ್ಕ ಅನ್ನುತ್ತೇವಲ್ಲ, ಅದೇ ಏಸ್. ಬೇಸ್‌ಬಾಲ್‌ನಲ್ಲಿ ತಂಡದ ಅತಿ ಒಳ್ಳೆಯ ಪಿಚರ್‌ಗೆ, ಅಂದರೆ ಬ್ಯಾಟ್ ಮಾಡುವವನಿಗೆ ಚೆಂಡು ಎಸೆಯುವವನಿಗೆ, ಈ ಹೆಸರು. ಅರ್ಥ ಒಂದೇ ಸಾಲಿನಲ್ಲಿ ಮುಗಿಯಿತು. ಆದರೆ ಸೆಪ್ಟೆಂಬರ್ ಬಂತು ಅಂದರೆ ಅಮೆರಿಕದಲ್ಲಿ ಈ ಒಂದು ಸಾಲು ಹಿಡಿದುಕೊಂಡೇ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ. ಅಲ್ಲಿನ ಪೂರ್ವ ತೀರದ ಸಂಜೆ 7 ಗಂಟೆ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ಅಷ್ಟು ಹೊತ್ತಿಗೆ ಎದ್ದು ನೋಡುವ ನನ್ನಂಥ ಹುಚ್ಚರೂ ಆ ಜಗಳದಲ್ಲಿ ಇರುತ್ತೇವೆ.

ಜಗಳ ಯಾಕೆ ಮುಗಿಯುವುದಿಲ್ಲ ಅಂದರೆ, ಒಂದೇ ಪದದೊಳಗೆ ಎರಡು ಪ್ರಶ್ನೆ ಕೂತಿವೆ. ವರ್ಷವಿಡೀ ಯಾರು ಚೆನ್ನಾಗಿ ಎಸೆದರು ಅನ್ನುವುದು ಒಂದು. ಇವತ್ತು ಗೆಲ್ಲಲೇಬೇಕು, ಚೆಂಡು ಯಾರ ಕೈಗೆ ಕೊಡುತ್ತೀರಿ ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಇರಬೇಕು ಅಂತ ಎಲ್ಲೂ ಬರೆದಿಲ್ಲ.

ಪದ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಕಥೆ ಇದೆ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಅಂತ ಒಂದು ತಂಡ ಇತ್ತು. ಆಟಗಾರರಿಗೆಲ್ಲ ಸಂಬಳ ಕೊಡುತ್ತೇವೆ ಅಂತ ಬಹಿರಂಗವಾಗಿ ಹೇಳಿದ ಮೊದಲ ತಂಡ ಅದು, ಆ ವರ್ಷ ಸೋಲಲೇ ಇಲ್ಲ. ಅವರ ಪಿಚರ್ ಏಸಾ ಬ್ರೈನಾರ್ಡ್. ಅವನ ಹೆಸರೇ ಸವೆದು 'ಏಸ್' ಆಯಿತು ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ನನಗೇನೋ ಇಸ್ಪೀಟಿನ ಎಲೆಯೇ ಸರಿಯಾದ ಮೂಲ ಅನ್ನಿಸುತ್ತದೆ.

ಇಂಥ ಹೆಸರಿನ ಅಗತ್ಯ ಯಾಕೆ ಬಿತ್ತು ಅಂತ ಗೊತ್ತಾಗಬೇಕಾದರೆ ಆಟದ ನಡೆ ಸ್ವಲ್ಪ ತಿಳಿದಿರಬೇಕು. ಕ್ರಿಕೆಟ್‌ನಲ್ಲಿ ಬೌಲರ್ ಒಂದು ಓವರ್ ಹಾಕಿ ಬೌಂಡರಿ ಹತ್ತಿರ ಹೋಗಿ ಸುಧಾರಿಸಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಪಂದ್ಯ ಶುರು ಮಾಡುವ ಪಿಚರ್‌ಗೆ ಸ್ಟಾರ್ಟರ್ ಅನ್ನುತ್ತಾರೆ, ತಂಡ ಫೀಲ್ಡಿಂಗ್‌ಗೆ ಇಳಿದಾಗಲೆಲ್ಲ ಎಸೆಯುವವನು ಅವನೊಬ್ಬನೇ. ತೊಂಬತ್ತೋ ನೂರೋ ಎಸೆತ ಆದಮೇಲೆ ಅವನನ್ನು ಹೊರಗೆ ಕರೆದರೆ ಆ ಪಂದ್ಯಕ್ಕೆ ಮತ್ತೆ ಬರುವ ಹಾಗಿಲ್ಲ. ಆಮೇಲೆ ತೋಳಿಗೆ ನಾಲ್ಕೈದು ದಿನ ವಿಶ್ರಾಂತಿ. ತಂಡವೋ ಹೆಚ್ಚುಕಮ್ಮಿ ದಿನಾ ಆಡುತ್ತದೆ, ಒಂದು ಸೀಸನ್‌ಗೆ 162 ಪಂದ್ಯ. ಹಾಗಾಗಿ ಐದು ಸ್ಟಾರ್ಟರ್‌ಗಳು ಸರದಿಯ ಮೇಲೆ ಬರುತ್ತಾರೆ. ಆ ಸರದಿಗೆ ರೊಟೇಶನ್ ಅಂತ ಹೆಸರು, ಅದರಲ್ಲಿ ಮೊದಲನೆಯವನೇ ಏಸ್. ವರ್ಷಕ್ಕೆ ಅವನ ಪಾಲಿಗೆ ಬರುವುದು 32, 33 ಪಂದ್ಯ. ಉಳಿದ ದಿನ ಡಗೌಟ್‌ನಲ್ಲಿ ಸೂರ್ಯಕಾಂತಿ ಬೀಜ ಜಗಿಯುತ್ತಾ ಕೂತಿರುತ್ತಾನೆ.

ಈ ಲೆಕ್ಕದಲ್ಲಿ 30 ತಂಡಕ್ಕೂ ಒಬ್ಬೊಬ್ಬ ಏಸ್ ಇದ್ದಾನೆ. ಇಸ್ಪೀಟಿನ ಕಟ್ಟಿನಲ್ಲಿ ಎಕ್ಕ ಇರುವುದು ನಾಲ್ಕೇ ಅಲ್ವಾ? ಅದಕ್ಕೇ ಅಭಿಮಾನಿಗಳು 'ಅವನು ನಿಮ್ಮ ರೊಟೇಶನ್‌ನಲ್ಲಿ ಮೊದಲನೆಯವನು ಇರಬಹುದು, ಆದರೆ ಏಸ್ ಅಲ್ಲ' ಅಂತ ಕಾಲೆಳೆಯುತ್ತಾರೆ. ಈ ಮಾತು ಕೇಳಿಸಿದ ಕಡೆ ಜಗಳ ಶುರುವಾಯಿತು ಅಂತಲೇ ಲೆಕ್ಕ.

ಮೊದಲ ಪ್ರಶ್ನೆಗೆ ಒಂದು ಪ್ರಶಸ್ತಿಯೇ ಇದೆ, ಸೈ ಯಂಗ್ ಅವಾರ್ಡ್. ಸೈ ಯಂಗ್ 1890ರಿಂದ 1911ರವರೆಗೆ ಆಡಿ 511 ಪಂದ್ಯ ಗೆದ್ದ ಪಿಚರ್, ಅದನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ, ಮುಟ್ಟುವ ಹಾಗೂ ಕಾಣುವುದಿಲ್ಲ. ಅವನು ತೀರಿಕೊಂಡದ್ದು 1955ರಲ್ಲಿ, ಮರುವರ್ಷ ಪ್ರಶಸ್ತಿ ಶುರುವಾಯಿತು. ತಂಡಗಳೆಲ್ಲ ಎರಡು ಲೀಗ್‌ಗಳಲ್ಲಿ ಹಂಚಿಹೋಗಿವೆ. 1967ರಿಂದ ಅಮೆರಿಕನ್ ಲೀಗ್‌ಗೆ ಒಂದು ಪ್ರಶಸ್ತಿ, ನ್ಯಾಷನಲ್ ಲೀಗ್‌ಗೆ ಒಂದು. ಮತ ಹಾಕುವವರು ಬೇಸ್‌ಬಾಲ್ ಪತ್ರಕರ್ತರು. ಪ್ಲೇಆಫ್ ಶುರುವಾಗುವ ಮುಂಚೆಯೇ ಮತ ಕೊಟ್ಟು ಮುಗಿಸಿರಬೇಕು. ಈ ಒಂದು ನಿಯಮ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬಹಳ ಕಾಲ ಈ ಮತದಾರರು ಗೆಲುವಿನ ಸಂಖ್ಯೆ ನೋಡಿಯೇ ತೀರ್ಮಾನ ಮಾಡುತ್ತಿದ್ದರು. ಪಿಚರ್ ಹೆಸರಿಗೆ ಗೆಲುವು ಬರೆಯುವುದೇ ಒಂದು ವಿಚಿತ್ರ ಪದ್ಧತಿ. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಅದರಲ್ಲಿ ಸ್ಟಾರ್ಟರ್ ಕನಿಷ್ಠ ಐದು ಎಸೆದಿರಬೇಕು, ಇಳಿಯುವಾಗ ತಂಡ ಮುಂದಿರಬೇಕು, ಆ ಮುನ್ನಡೆ ಕೊನೆಯವರೆಗೂ ಉಳಿಯಬೇಕು. ತಂಡದವರು ಬ್ಯಾಟ್ ಬೀಸದೆ ಸುಮ್ನೆ ನಿಂತರೆ ಪಾಪ ಅವನೇನು ಮಾಡುತ್ತಾನೆ? ಇದಕ್ಕಿಂತ ನ್ಯಾಯವಾದ ಲೆಕ್ಕ ಇ.ಆರ್.ಎ. ಫೀಲ್ಡರ್‌ಗಳ ತಪ್ಪಿನಿಂದ ಹೋದ ರನ್ ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವುದು. 180 ಇನ್ನಿಂಗ್ಸ್‌ಗೆ 60 ರನ್ ಕೊಟ್ಟರೆ 3.00. ಕಡಿಮೆ ಇದ್ದಷ್ಟೂ ಒಳ್ಳೆಯದು.

2010ರಲ್ಲಿ ಗಾಳಿ ತಿರುಗಿತು. ಸಿಯಾಟಲ್‌ನ ಫೀಲಿಕ್ಸ್ ಹೆರ್ನಾಂಡೆಝ್ ಗೆದ್ದದ್ದು 13, ಸೋತದ್ದು 12. ಅವನ ತಂಡ 101 ಪಂದ್ಯ ಸೋತಿತ್ತು. ಆದರೆ ಅವನ ಇ.ಆರ್.ಎ. 2.27. ಅದೇ ಲೀಗ್‌ನಲ್ಲಿ 21 ಪಂದ್ಯ ಗೆದ್ದವನಿದ್ದರೂ ಸೈ ಯಂಗ್ ಹೆರ್ನಾಂಡೆಝ್‌ಗೇ ಹೋಯಿತು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ 10 ಗೆದ್ದು 9 ಸೋತ, ಇ.ಆರ್.ಎ. 1.70, ಪ್ರಶಸ್ತಿ ಅವನದೇ. ಹಳಬರು ಮಾತ್ರ ಇನ್ನೂ 1972ರ ಸ್ಟೀವ್ ಕಾರ್ಲ್‌ಟನ್ ಹೆಸರು ಎತ್ತುತ್ತಾರೆ. ಫಿಲಡೆಲ್ಫಿಯಾ ತಂಡ ಆ ವರ್ಷ ಗೆದ್ದದ್ದೇ 59 ಪಂದ್ಯ, ಅದರಲ್ಲಿ 27 ಅವನೊಬ್ಬನದು. 'ಕೆಟ್ಟ ತಂಡ ಅಂತ ನೆಪ ಹೇಳಬೇಡಿ, ಏಸ್ ಅಂದರೆ ಅವನು' ಅನ್ನುವ ವಾದ. ಬಾಯಿ ಮುಚ್ಚಿಸುವ ಉದಾಹರಣೆ, ಒಪ್ಪುತ್ತೇನೆ. ಆದರೆ ಅದನ್ನೇ ಎಲ್ಲರಿಗೂ ಅಳತೆಗೋಲು ಮಾಡಿದರೆ ಇನ್ಯಾರೂ ಏಸ್ ಆಗುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಅದು ಹುಟ್ಟುವುದು ಪ್ಲೇಆಫ್ ರೇಸ್‌ನಲ್ಲಿ. ಒಂದೊಂದು ಲೀಗ್‌ನಲ್ಲಿ ಮೂರು ಡಿವಿಷನ್, ಅಂದರೆ ಮೂರು ಗುಂಪು, ಆ ಮೂವರು ವಿಜೇತರು ಪ್ಲೇಆಫ್‌ಗೆ. ಉಳಿದವರಲ್ಲಿ ಚೆನ್ನಾಗಿ ಆಡಿದ ಮೂರು ತಂಡ ವೈಲ್ಡ್ ಕಾರ್ಡ್ ಬಾಗಿಲಿನಿಂದ ಒಳಗೆ. 2022ರಿಂದ ಹೀಗಿದೆ. ಮುಂದಿರುವ ತಂಡ ಗಂಡಾಂತರ ದಾಟಲು ಇನ್ನೆಷ್ಟು ಬೇಕು ಅನ್ನುವುದಕ್ಕೆ ಮ್ಯಾಜಿಕ್ ನಂಬರ್: 163ರಿಂದ ಅವರ ಗೆಲುವು ಕಳೆಯಿರಿ, ಬೆನ್ನಟ್ಟುವವರ ಸೋಲನ್ನೂ ಕಳೆಯಿರಿ. ಇವರದು 90 ಗೆಲುವು, ಅವರದು 68 ಸೋಲು ಆಗಿದ್ದರೆ 5. ಇವರು ಗೆದ್ದಾಗಲೂ ಅವರು ಸೋತಾಗಲೂ ಒಂದೊಂದು ಇಳಿಯುತ್ತದೆ.

ಈ ಲೆಕ್ಕ ಬಿಗಿಯಾದಾಗ ಮ್ಯಾನೇಜರ್‌ಗಳಿಗೆ (ಇಲ್ಲಿ ತಂಡದ ಮುಖ್ಯ ಕೋಚ್‌ಗೆ ಆ ಹೆಸರು) ಆಸೆ ಹುಟ್ಟುತ್ತದೆ, ಏಸ್‌ನನ್ನು ಸರದಿ ಬಿಟ್ಟು ಬೇಗ ಇಳಿಸಿದರೆ ಹೇಗೆ ಅಂತ. 2008ರಲ್ಲಿ ಮಿಲ್ವಾಕಿ ಬ್ರೂವರ್ಸ್ ಮಾಡಿದ್ದು ಅದನ್ನೇ. 1982ರ ನಂತರ ಒಮ್ಮೆಯೂ ಪ್ಲೇಆಫ್ ಕಂಡಿರದ ತಂಡ. ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಸಿ.ಸಿ. ಸಬಾಥಿಯಾನನ್ನು ತಂದರು. ಆ ಚಳಿಗಾಲಕ್ಕೆ ಅವನ ಕರಾರು ಮುಗಿಯುತ್ತಿತ್ತು, ಕೋಟಿಗಟ್ಟಲೆ ಡಾಲರ್‌ನ ಹೊಸ ಕರಾರು ಎದುರಿಗೇ ಕಾಣುತ್ತಿತ್ತು. ಬೇರೆ ಯಾರೇ ಆಗಿದ್ದರೂ ತೋಳು ಜೋಪಾನ ಮಾಡಿಕೊಂಡು ದಿನ ತಳ್ಳುತ್ತಿದ್ದರು. ಇವನು ಕೊನೆಯ ಮೂರು ಪಂದ್ಯಗಳಲ್ಲೂ ಮೂರೇ ದಿನದ ವಿಶ್ರಾಂತಿಯಲ್ಲಿ ಎಸೆದ. ಸೆಪ್ಟೆಂಬರ್ 28, ಕೊನೆಯ ದಿನ, ಶಿಕಾಗೋ ಕಬ್ಸ್ ಎದುರು ಒಂಬತ್ತೂ ಇನ್ನಿಂಗ್ಸ್ ತಾನೇ ಎಸೆದು 3-1ರಿಂದ ಗೆಲ್ಲಿಸಿದ. ಅದೇ ಮಧ್ಯಾಹ್ನ ಮೆಟ್ಸ್ ಸೋತಿತು. 90 ಗೆಲುವಿನ ಮಿಲ್ವಾಕಿ ಒಳಗೆ, 89ರ ಮೆಟ್ಸ್ ಹೊರಗೆ. ಮಿಲ್ವಾಕಿಗೆ ಬಂದಮೇಲೆ ಅವನ ಲೆಕ್ಕ 11 ಗೆಲುವು, 2 ಸೋಲು, ಇ.ಆರ್.ಎ. 1.65. ಸೈ ಯಂಗ್ ಸಿಕ್ಕಿತೇ? ಇಲ್ಲ. ಅರ್ಧ ಸೀಸನ್ ಬೇರೆ ಲೀಗ್‌ನಲ್ಲಿ ಕಳೆದಿದ್ದ, ಪ್ರಶಸ್ತಿ ಸ್ಯಾನ್ ಫ್ರಾನ್ಸಿಸ್ಕೋದ ಟಿಮ್ ಲಿನ್ಸೆಕಮ್‌ಗೆ ಹೋಯಿತು. ಮತದಾರರದು ತಪ್ಪಲ್ಲ. ಆದರೆ ಆ ಸೆಪ್ಟೆಂಬರ್‌ನಲ್ಲಿ ಏಸ್ ಯಾರು ಅಂತ ಮಿಲ್ವಾಕಿಯ ಯಾರನ್ನಾದರೂ ಕೇಳಿ ನೋಡಿ.

ಎಕ್ಕವನ್ನು ಜಾಸ್ತಿ ಸಲ ಬೀಸಿದರೆ ಏನಾಗುತ್ತದೆ ಅನ್ನುವುದಕ್ಕೆ 1964ರ ಫಿಲಡೆಲ್ಫಿಯಾ ಇದೆ. ಇನ್ನು 12 ಪಂದ್ಯ ಬಾಕಿ ಇರುವಾಗ ಆರೂವರೆ ಪಂದ್ಯ ಮುಂದಿದ್ದರು (ಗೆಲುವಿನ ಅಂತರ, ಸೋಲಿನ ಅಂತರ ಎರಡರ ಸರಾಸರಿ ಇದು, ಅದಕ್ಕೇ ಅರ್ಧವೂ ಬರುತ್ತದೆ). ಕುಸಿತ ಶುರುವಾದದ್ದು ಒಂದು ಸಣ್ಣ ಸೋಲಿನಿಂದ. ಸಿನ್ಸಿನಾಟಿಯ ಚಿಕೋ ರೂಯಿಸ್ ಯಾರೂ ಎಣಿಸದ ಹೊತ್ತಿನಲ್ಲಿ ಹೋಮ್ ಪ್ಲೇಟ್ ಕದ್ದು, ಅಂದರೆ ಹೊಡೆತಕ್ಕೆ ಕಾಯದೆ ಮೂರನೇ ಬೇಸ್‌ನಿಂದ ಓಡಿಬಂದು ರನ್ ಗಳಿಸಿ, 1-0 ಮಾಡಿಬಿಟ್ಟ. ಮ್ಯಾನೇಜರ್ ಜೀನ್ ಮಾಕ್ ಗಾಬರಿಯಾಗಿ ತನ್ನ ಇಬ್ಬರು ಒಳ್ಳೆಯ ಪಿಚರ್‌ಗಳಾದ ಜಿಮ್ ಬನ್ನಿಂಗ್, ಕ್ರಿಸ್ ಶಾರ್ಟ್ ಇವರನ್ನೇ ಎರಡೆರಡು ದಿನದ ವಿಶ್ರಾಂತಿಯಲ್ಲಿ ಮತ್ತೆ ಮತ್ತೆ ಇಳಿಸಿದ. ಬನ್ನಿಂಗ್ ಸಾಮಾನ್ಯನಲ್ಲ, ಅದೇ ಜೂನ್‌ನಲ್ಲಿ ಪರ್ಫೆಕ್ಟ್ ಗೇಮ್ ಎಸೆದಿದ್ದವನು, ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಯ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದವನು. ಆದರೆ ತೋಳು ತೋಳೇ. ಸಾಲಾಗಿ ಹತ್ತು ಸೋಲು. ಕೊನೆಗೆ ಸೇಂಟ್ ಲೂಯಿಸ್‌ಗಿಂತ ಒಂದೇ ಪಂದ್ಯ ಹಿಂದೆ.

ಈ ಎರಡೂ ಪ್ರಶ್ನೆ ಒಬ್ಬನ ಮೇಲೇ ಒಟ್ಟಿಗೆ ಬಿದ್ದದ್ದು ನೋಡಬೇಕಾದರೆ 2025ರ ಡೆಟ್ರಾಯಿಟ್ ನೋಡಿ. ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ಗಿಂತ ಹದಿನೈದೂವರೆ ಪಂದ್ಯ ಮುಂದಿದ್ದ ತಂಡ. ಅದೆಲ್ಲ ಕರಗುತ್ತಾ ಬಂದು, ಸೆಪ್ಟೆಂಬರ್ 23ರಂದು ಕ್ಲೀವ್‌ಲ್ಯಾಂಡ್‌ನಲ್ಲೇ ತಾರಿಕ್ ಸ್ಕೂಬಲ್ ಎಸೆಯಲು ಬಂದ. ಹಿಂದಿನ ವರ್ಷದ ಸೈ ಯಂಗ್ ಅವನದು, ಇಂಥ ದಿನಕ್ಕೇ ಇಟ್ಟುಕೊಂಡ ಎಕ್ಕ. ಆರನೇ ಇನ್ನಿಂಗ್ಸ್‌ನಲ್ಲಿ ಎದುರಾಳಿಗಳು ಚೆಂಡನ್ನು ಮೆಲ್ಲಗೆ ತಟ್ಟಿ ಓಡತೊಡಗಿದರು. ಸ್ಕೂಬಲ್ ಒಂದು ಚೆಂಡನ್ನು ಕಾಲಿನ ಸಂದಿಯಿಂದ ಹಿಂದಕ್ಕೆ ಎಸೆಯಲು ಹೋದ, ಅದು ಎಲ್ಲಿಗೋ ಹೋಯಿತು. 5-2 ಸೋಲು, ಆ ರಾತ್ರಿ ಎರಡೂ ತಂಡ ಸಮ. ಡಿವಿಷನ್ ಕೊನೆಗೆ ಕ್ಲೀವ್‌ಲ್ಯಾಂಡ್‌ನದೇ ಆಯಿತು, ಡೆಟ್ರಾಯಿಟ್ ವೈಲ್ಡ್ ಕಾರ್ಡ್‌ನಿಂದ ಒಳಗೆ ಬಂತು.

ಒಂದು ವಾರ ಕಳೆದು ಅದೇ ಮೈದಾನ, ಅದೇ ಎದುರಾಳಿ, ಪ್ಲೇಆಫ್‌ನ ಮೊದಲ ಪಂದ್ಯ. ಸ್ಕೂಬಲ್ 14 ಸಲ ಎದುರಾಳಿಗಳನ್ನು ಸ್ಟ್ರೈಕ್‌ಔಟ್ ಮಾಡಿದ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್ ಆಗುವುದು), ಡೆಟ್ರಾಯಿಟ್ 2-1ರಿಂದ ಗೆದ್ದಿತು. ಮುಂದಿನ ಸುತ್ತಿನ ಕೊನೆಯ ಪಂದ್ಯದಲ್ಲಿ ಸಿಯಾಟಲ್ ಎದುರು ಆರು ಇನ್ನಿಂಗ್ಸ್‌ನಲ್ಲಿ 13 ಸ್ಟ್ರೈಕ್‌ಔಟ್, ಮುನ್ನಡೆ ಕೈಗಿಟ್ಟು ಇಳಿದ, ತಂಡ 15ನೇ ಇನ್ನಿಂಗ್ಸ್‌ವರೆಗೆ ಎಳೆದಾಡಿ ಸೋತಿತು. ನವೆಂಬರ್‌ನಲ್ಲಿ ಅವನಿಗೆ ಎರಡನೇ ಸೈ ಯಂಗ್ ಬಂತು. ಮತಗಳು ಬಿದ್ದಾಗಿದ್ದು ಆ ಕಾಲಿನ ಸಂದಿಯ ಎಸೆತ ಆದಮೇಲೆ, ಆ 14 ಸ್ಟ್ರೈಕ್‌ಔಟ್‌ಗೆ ಮುಂಚೆ.